ಜಾನಮ್ಮ ಹಿಡಿದಿಟ್ಟ ಜಾಗ

ಹೋದ ತಿಂಗಳು ಸಿಡ್ನಿಯ ಸ್ಕೋಫೀಲ್ಡ್ಸಿನಲ್ಲಿರುವ ಮಗಳ ಮನೆಯಲ್ಲಿದ್ದಾಗ ಮೊಮ್ಮಗಳ ಶಾಲೆಯ ಸ್ಪೋರ್ಟ್ಸ್ ಡೇ ಬಂತು. ಮೈದಾನದ ಅಂಚಿನಲ್ಲಿ ಕಬ್ಬಿಣದ ಕೊಳವೆಗಳನ್ನು ಜೋಡಿಸಿ, ಮೇಲೆ ಪ್ಲೈವುಡ್ ಹಾಸಿ, ಪೋಷಕರು ಕೂರಲು ಮೆಟ್ಟಿಲು ಮೆಟ್ಟಿಲಾಗಿ ಗ್ಯಾಲರಿ ಕಟ್ಟಿದ್ದರು. ಇಬ್ಬನಿಗೆ ಹಲಗೆಗಳು ತೊಯ್ದಿದ್ದವು. ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಒದ್ದೆ ಪ್ಲೈವುಡ್ಡಿನ ಹುಳಿ ವಾಸನೆ ಮೂಗಿಗೆ ಬಂತು. ಇನ್ನೊಂದು ಕಾಲು ಮೇಲೇಳಲಿಲ್ಲ.

“ಅಮ್ಮಾ, ಹತ್ತು. ಹಿಂದೆ ಜನ ಕಾಯ್ತಿದಾರೆ,” ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ಮಂಡಿ ನೋವು ಎಂದೆ. ಇಳಿದು ಹುಲ್ಲಿನ ಮೇಲೆ ನಿಂತೇ ಓಟದ ಸ್ಪರ್ಧೆ ನೋಡಿದೆ. ಮಗಳು ನಂಬಿದಳು. ಹಿಂದೊಮ್ಮೆ ಇಂಥದೇ ಗ್ಯಾಲರಿಯನ್ನು ನಾನು ಹತ್ತಿದ ದಿನ ಅವಳಿಗೆ ಎಂಟು ವರ್ಷ. ಶಾಲೆಯವರು ಒಂದು ಹಾಡು ಕಲಿಸಿದ್ದರು, ಹಾಡಲು ಆಗಲಿಲ್ಲ, ಅಷ್ಟೇ ಅವಳಿಗೆ ನೆನಪಿರುವುದು. ನನಗೆ ನೆನಪಿರುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅಮ್ಮನಿಗೆ ಒಂದು ಸಲ ಹೇಳಿದ್ದೆ. ಅಮ್ಮ ಈಗಿಲ್ಲ.

ಅದು ೧೯೯೫ರ ಚಳಿಗಾಲ. ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷವಾಗಿತ್ತು. ನಾವಾಗ ಸಿಡ್ನಿಯ ವೆಸ್ಟ್‌ಮೀಡಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಬಾಡಿಗೆಗಿದ್ದೆವು. ನಾನು ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ, ಅವರು ಬಾಕ್ಸ್ ಹಿಲ್ಲಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಲ್ಯಾಬಿನ ಪಾಳಿ, ಮಗಳ ಶಾಲೆ, ಅವಳ ಅಸ್ತಮಾ ಎಲ್ಲವನ್ನೂ ಒಬ್ಬಳೇ ತೂಗಿಸಲಾಗದೆ ಬೆಂಗಳೂರಿನಿಂದ ಅಮ್ಮನನ್ನು ಕರೆಸಿಕೊಂಡೆ. ಆರು ತಿಂಗಳ ವೀಸಾ. ಜೂನ್ ತಿಂಗಳಲ್ಲಿ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಅಮ್ಮ ವಿಮಾನ ಇಳಿದಳು.

ನಮ್ಮ ಕೆಳಗಿನ ಮನೆಯಲ್ಲಿ ಜೋನ್ ಎನ್ನುವ ಎಪ್ಪತ್ತು ದಾಟಿದ ಹೆಂಗಸು ಒಬ್ಬರೇ ಇದ್ದರು. ಒಂದು ವಾರದೊಳಗೆ ಅಮ್ಮ ಅವರನ್ನು ಜಾನಮ್ಮ ಮಾಡಿದಳು. ಸಾವಿತ್ರಮ್ಮ ಎನ್ನಲು ನಾಲಿಗೆ ತಿರುಗದೆ ಅವರು ಅಮ್ಮನನ್ನು ಸ್ಯಾವಿ ಎಂದರು. ಪರಿಚಯ ಶುರುವಾದದ್ದು ಒಂದು ಗುಂಡಿಯಿಂದ. ಮೆಟ್ಟಿಲಲ್ಲಿ ಎದುರಾದಾಗ ಜಾನಮ್ಮನ ಕೆಂಗಂದು ಬಣ್ಣದ ಕೋಟಿನಲ್ಲಿ ಒಂದು ಗುಂಡಿ ನೇತಾಡುತ್ತಿತ್ತಂತೆ. ಅಮ್ಮ ಏನೂ ಕೇಳದೆ ಕೋಟು ಬಿಚ್ಚಿಸಿಕೊಂಡು, ಸೂಜಿ ತಂದು, ಅಲ್ಲೇ ಬಿಸಿಲಲ್ಲಿ ಕೂತು ಹೊಲಿದುಕೊಟ್ಟಳಂತೆ. ನಾನು ಸಂಜೆ ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದರು. “ಬಂದ್ಯಾ? ಬೇಗ ಬಾ. ಬೆಳಿಗ್ಗೆಯಿಂದ ಏನೇನೋ ಹೇಳ್ತಿದಾರೆ, ನಾನು ಎಲ್ಲಕ್ಕೂ ಯೆಸ್ ಯೆಸ್ ಅಂದಿದೀನಿ. ಯಾವುದಕ್ಕೆ ಒಪ್ಕೊಂಡೆನೋ ಕೇಳು,” ಎಂದಳು ಅಮ್ಮ.

ಹೀಗೆ ಸಂಜೆಯ ಅರ್ಧ ಗಂಟೆ ಅವರಿಬ್ಬರ ನಡುವೆ ಕೂತು ಆ ದಿನದ ಮಾತನ್ನೆಲ್ಲ ಅತ್ತಿಂದಿತ್ತ ಮಾಡುವುದು ನನ್ನ ಕೆಲಸವಾಯಿತು. ಯುದ್ಧದ ಕಾಲದಲ್ಲಿ ಜಾನಮ್ಮ ಸಿಡ್ನಿಯ ಹೊರಗೆ ಒಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿರಂಗಿ ಗುಂಡುಗಳಿಗೆ ಪುಡಿ ತುಂಬುತ್ತಿದ್ದರು. ಆ ಪುಡಿಗೆ ಕೈಯೆಲ್ಲ ಹಳದಿಯಾಗಿ, ಡ್ಯಾನ್ಸಿಗೆ ಹೋದರೆ ಹುಡುಗರು ಕೈ ಹಿಡಿಯಲು ಹೆದರುತ್ತಿದ್ದರಂತೆ. ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ, “ಅಯ್ಯೋ, ನಮ್ಮಲ್ಲಾಗಿದ್ರೆ ದಿನಾ ಮದುವೆ ಹೆಣ್ಣು ಅಂತಿದ್ರು! ಅರಿಸಿನದ ಖರ್ಚೇ ಇಲ್ಲ ಅಂತ ಹೇಳು,” ಎಂದಳು. ಹೇಳಿದೆ. ಜಾನಮ್ಮ ಟೀ ಕಪ್ಪು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಮ್ಮನದೂ ಒಂದು ಯುದ್ಧದ ಕಥೆಯಿತ್ತು. ಹದಿನೇಳು ವರ್ಷದವಳಾಗಿದ್ದಾಗ ಬೆಂಗಳೂರು ದಂಡಿನ ಕಡೆ ಸೈನ್ಯಕ್ಕಾಗಿ ತೆರೆದ ಹೊಲಿಗೆ ಶೆಡ್ಡಿನಲ್ಲಿ ಅವಳು ಒಂದೂವರೆ ವರ್ಷ ಖಾಕಿ ಅಂಗಿಗಳಿಗೆ ಗುಂಡಿ ಹಾಕಿದ್ದಳು. ಒಂದು ದಿನ ಮಹಾರಾಜರ ಸವಾರಿ ಬಂತು. ಮುಂದಿನ ಸಾಲಿನಲ್ಲಿ ಗಾಯಗೊಂಡು ಮರಳಿದ ಸಿಪಾಯಿಗಳು, ಅವರಿಗೆ ಪದಕ. ಹಿಂದಿನ ಸಾಲಿನಲ್ಲಿ ಶೆಡ್ಡಿನ ಹೆಂಗಸರು, ಅವರಿಗೆ ಒಂದೊಂದು ಹಿತ್ತಾಳೆಯ ಬಿಲ್ಲೆ. ಬಿಸಿಲಲ್ಲಿ ಮೂರು ಗಂಟೆ ನಿಲ್ಲಿಸಿದ್ದರಂತೆ. ದೊರೆಗಳು ಎದುರು ಬಂದಾಗ ತಲೆ ಎತ್ತಕೂಡದು ಎಂದು ಮೇಸ್ತ್ರಿ ಕಟ್ಟಪ್ಪಣೆ ಮಾಡಿದ್ದ.

“ನನ್ನ ಮುಂದೆ ನಿಂತು, ನೀನೇನಮ್ಮಾ ಮಾಡೋದು ಅಂತ ಕೇಳಿದ್ರು. ಗುಂಡಿ ಬುದ್ಧಿ ಅಂದೆ. ಅಷ್ಟೇ ಬಾಯಿಂದ ಬಂದದ್ದು. ಗುಂಡಿ ತೋಡ್ತೀಯಾ ಅಂತ ಕೇಳಿ ನಕ್ರು. ಧ್ವನಿ ಕೇಳಿದೀನಿ, ಬೂಟ್ಸು ನೋಡಿದೀನಿ, ಮುಖ ಮಾತ್ರ ನೋಡ್ಲಿಲ್ಲ,” ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಇದನ್ನು ಎಲ್ಲರೂ ಎಷ್ಟೋ ಸಲ ಕೇಳಿದ್ದೆವು. ಅಪ್ಪ ಬದುಕಿದ್ದಾಗ, ಅಮ್ಮ ಸಿಟ್ಟು ಮಾಡಿದರೆ “ಸುಮ್ನಿರ್ರೋ, ಮಹಾರಾಜರ ಹತ್ರ ಮಾತಾಡಿದೋಳು” ಎಂದು ರೇಗಿಸುತ್ತಿದ್ದರು. ಜಾನಮ್ಮ ಮಾತ್ರ ಈ ಕಥೆಗೆ ನಗಲಿಲ್ಲ.

ಜುಲೈ ಕೊನೆಯಲ್ಲಿ ಜಾನಮ್ಮನಿಗೆ ಒಂದು ಕಾಗದ ಬಂತು. ಯುದ್ಧ ಮುಗಿದ ಐವತ್ತನೇ ವರ್ಷಕ್ಕೆ ಹತ್ತಿರದ ಪಾರ್ಕಿನಲ್ಲಿ ಸಮಾರಂಭ. ಇಂಗ್ಲೆಂಡಿನ ರಾಜಮನೆತನದವರೊಬ್ಬರು ಬರುತ್ತಾರೆ, ಹಳೆಯ ಸೈನಿಕರನ್ನೂ ಯುದ್ಧಕ್ಕಾಗಿ ದುಡಿದ ಹೆಂಗಸರನ್ನೂ ಕಂಡು ಕೈಕುಲುಕುತ್ತಾರೆ ಎಂದಿತ್ತು. ಜಾನಮ್ಮ ಅಮ್ಮನ ಹೆಸರನ್ನೂ ಸೇರಿಸಬೇಕೆಂದು ಪಟ್ಟು ಹಿಡಿದರು. “ಇಬ್ಬರೂ ಒಬ್ಬನೇ ರಾಜನ ಕೆಲಸ ಮಾಡಿದ್ದೇವೆ, ಅಲ್ಲವೇ?” ಎಂದು ಸಮಿತಿಯವರೊಡನೆ ಫೋನಿನಲ್ಲಿ ಜಗಳವಾಡಿದರು. ಆಕೆಯ ಹತ್ತಿರ ದಾಖಲೆ ಏನಿದೆ ಎಂದು ಅವರು ಕೇಳಿದರು. ಬಿಲ್ಲೆ ಬೆಂಗಳೂರಿನ ಟ್ರಂಕಿನಲ್ಲಿತ್ತು. “ದಾಖಲೆ ನಾನೇ,” ಎಂದು ಜಾನಮ್ಮ ಫೋನ್ ಇಟ್ಟರು. ಎರಡು ವಾರದ ಮೇಲೆ ಅಮ್ಮನ ಹೆಸರಿನ ಕಾರ್ಡೂ ಬಂತು. ಅಮ್ಮ ಬೇಡ ಬೇಡ ಎನ್ನುತ್ತಲೇ ಹಸಿರು ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿದಳು. “ಈ ಸಲ ತಲೆ ಬಗ್ಗಿಸೋದಿಲ್ಲ. ಮುಖ ನೋಡೇ ನೋಡ್ತೀನಿ,” ಎಂದಳು. ಅವಳು ಏನನ್ನಾದರೂ ತನಗೆ ಬೇಕು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆಗಸ್ಟಿನಲ್ಲಿ ಸಿಡ್ನಿಯಲ್ಲಿ ಪಡುವಣ ಗಾಳಿ ಬೀಸುತ್ತದೆ. ಒಣ ಗಾಳಿ, ಆದರೆ ಚಳಿ ಮೂಳೆಗೆ ಹೋಗುತ್ತದೆ. ಆ ಬೆಳಿಗ್ಗೆ ಪಾರ್ಕಿಗೆ ಹೋದಾಗ ಗಾಳಿ ಇನ್ನೂ ಹದವಾಗಿತ್ತು. ಸೈನಿಕರಿಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು. ಹೆಂಗಸರಿಗೆ ಪಕ್ಕದಲ್ಲಿ ಹಲಗೆಯ ಗ್ಯಾಲರಿ, ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ತಲೆಯ ಮೇಲೆ ನೀಲಿ ಟಾರ್ಪಾಲಿನ ಚಪ್ಪರ. ಹಲಗೆ ಇಬ್ಬನಿಗೆ ತೊಯ್ದು ಆ ವಾಸನೆ ಬರುತ್ತಿತ್ತು. ಜಾನಮ್ಮನಿಗೂ ಅಮ್ಮನಿಗೂ ಮೂರನೇ ಸಾಲಿನಲ್ಲಿ ಅಕ್ಕಪಕ್ಕದ ಕುರ್ಚಿ. ಇಬ್ಬರನ್ನೂ ಕೂರಿಸಿ ಇಳಿದು ಬಂದೆ. ಮಗಳು ಶಾಲೆಯ ಹಾಡಿನ ಗುಂಪಿನೊಡನೆ ಕೆಳಗೆ ನಿಂತಿದ್ದಳು.

ಒಂದು ಗಂಟೆ ಕಾದೆವು. ಅತಿಥಿ ಬರುವುದು ತಡ ಎಂದು ಮೈಕಿನಲ್ಲಿ ಹೇಳಿದರು. ಗಾಳಿ ಏರುತ್ತ ಹೋಯಿತು. ಮಗಳಿಗೆ ಕೆಮ್ಮು ಶುರುವಾಯಿತು, ಹತ್ತಿರ ಹೋದರೆ ಎದೆಯಿಂದ ಸಿಳ್ಳಿನಂಥ ಸದ್ದು. ಬ್ಯಾಗ್ ತಡಕಿದೆ. ಅವಳು ಉಸಿರಿಗೆ ಎಳೆದುಕೊಳ್ಳುವ ಪಫರ್ ಮನೆಯಲ್ಲೇ ಉಳಿದಿತ್ತು. ಅಮ್ಮನಿಗೆ ತಿಳಿಸಿ ಹೋಗೋಣವೆಂದು ಗ್ಯಾಲರಿ ಹತ್ತಿದೆ. ಅಮ್ಮ ಮೇಲಿನಿಂದಲೇ ಮಗುವನ್ನು ನೋಡಿ ಆಗಲೇ ಎದ್ದು ನಿಂತಿದ್ದಳು.

“ನೀನು ಇರಮ್ಮಾ, ನಾನು ಕರ್ಕೊಂಡು ಹೋಗ್ತೀನಿ. ನೀನು ನೋಡಬೇಕು ಅಂತಿದ್ದೆಯಲ್ಲ.”

“ಮಗೂಗಿಂತ ಅದು ಹೆಚ್ಚಾ? ನೀನು ಗಾಡಿ ಓಡಿಸ್ಬೇಕಾದ್ರೆ ಅವಳನ್ನ ಹಿಡ್ಕೊಳ್ಳೋರು ಯಾರು? ನಡಿ.”

ಹಾಗೆಂದು ಅಮ್ಮ ಜಾನಮ್ಮನ ಎರಡೂ ಕೈ ಹಿಡಿದುಕೊಂಡಳು. ಹೊರಡುವವರು ನಮ್ಮಲ್ಲಿ ಏನು ಹೇಳುತ್ತಾರೋ ಅದನ್ನೇ ಹೇಳಿದಳು: “ಬರ್ತೀನಿ ಜಾನಮ್ಮ.”

ಗಾಳಿಗೆ ಟಾರ್ಪಾಲು ಪಟಪಟ ಎನ್ನುತ್ತಿತ್ತು. ಜಾನಮ್ಮ ಅಮ್ಮನ ಮುಖ ನೋಡಿ, ನನ್ನ ಮುಖ ನೋಡಿ, “ಏನಂತಾಳೆ, ಲವ್?” ಎಂದು ಕೇಳಿದರು.

ನಾನಾಗಲೇ ತಿರುಗಿದ್ದೆ. ಕಣ್ಣು ಕೆಳಗೆ ಮಗಳ ಮೇಲಿತ್ತು. ಕಿವಿಗೆ ಬಿದ್ದ ಪದವನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟೆ. “ಶೀ ಸೇಸ್ ಶೀ ವಿಲ್ ಕಮ್.”

“ರೈಟೋ,” ಎಂದರು ಜಾನಮ್ಮ. “ಜಾಗ ಹಿಡಿದಿರ್ತೀನಿ.”

ಅದೂ ಕೇಳಿಸಿತು. ಕೇಳಿಸಿಯೂ ನಿಲ್ಲಲಿಲ್ಲ. ಮಗುವಿಗೆ ಹುಷಾರಿಲ್ಲ, ಮನೆಗೆ ಹೋಗುತ್ತಿದ್ದೇವೆ ಎನ್ನಲು ಇಂಗ್ಲಿಷಿನಲ್ಲಿ ಏಳೆಂಟು ಪದ ಸಾಕಿತ್ತು. ಎಂ.ಎಸ್ಸಿ. ಮಾಡಿದವಳು ನಾನು, ಹತ್ತು ವರ್ಷದಿಂದ ಆ ದೇಶದಲ್ಲಿದ್ದವಳು.

ಕಾರು ನಿಲ್ಲಿಸಿದ್ದ ಕಡೆಗೆ ಐದಾರು ನಿಮಿಷದ ನಡಿಗೆ. ಮಗಳನ್ನೂ ಅಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ನನ್ನ ಬಾಗಿಲು ತೆರೆದು, ಯಾಕೋ ಪಾರ್ಕಿನ ಕಡೆ ತಿರುಗಿದೆ. ನೀಲಿ ಟಾರ್ಪಾಲು ಹೊಟ್ಟೆ ಉಬ್ಬಿಸಿಕೊಂಡು ಮೇಲಕ್ಕೆ ಎದ್ದಿತ್ತು. ಗ್ಯಾಲರಿಯಲ್ಲಿ ಹೆಂಗಸರಿರಲಿಲ್ಲ, ಎಲ್ಲರೂ ಹುಲ್ಲಿನ ಮೇಲಿದ್ದರು. ಮೂರನೇ ಸಾಲಿನಲ್ಲಿ ಕೆಂಗಂದು ಕೋಟು ಒಂದೇ ಕೂತಿತ್ತು. ಪಕ್ಕದ ಕುರ್ಚಿಯ ಮೇಲೆ ಅವರ ಕೈಚೀಲ. ಒಬ್ಬ ಸ್ವಯಂಸೇವಕ ಮೆಟ್ಟಿಲ ಮೇಲೆ ನಿಂತು ಅವರನ್ನು ಕೈಬೀಸಿ ಕರೆಯುತ್ತಿದ್ದ. ಅವರು ತಲೆಯಾಡಿಸಿದರು. ಆಮೇಲೆ ಚಪ್ಪರದ ಕಂಬಗಳು ಒಂದು ಕಡೆಗೆ ವಾಲಿದವು, ಕಂಬಗಳ ಜೊತೆಗೆ ಗ್ಯಾಲರಿಯ ಕೊಳವೆಗಳು ಎದ್ದವು, ಹಲಗೆಗಳು ಇಸ್ಪೀಟು ಎಲೆಗಳ ಹಾಗೆ ಜಾರಿದವು. ಸದ್ದು ನನ್ನನ್ನು ಮುಟ್ಟುವ ಹೊತ್ತಿಗೆ ಕೋಟು ಕಾಣುತ್ತಿರಲಿಲ್ಲ.

ಎರಡೋ ಮೂರೋ ಸೆಕೆಂಡು ಇರಬಹುದು. ಅದನ್ನು ನಾನು ಇವತ್ತಿಗೂ ನೋಡುತ್ತೇನೆ. ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ. ಯಾವಾಗಲೂ ಮೊದಲು ಕೈಚೀಲ ಕಾಣುತ್ತದೆ.

ಓಡಿದೆ. ಜನ ಹಲಗೆಗಳನ್ನು ಎತ್ತುತ್ತಿದ್ದರು, ನಾನೂ ಎತ್ತಿದೆ. ಜಾನಮ್ಮನ ಮುಖ ಕಾಣಿಸಿತು, ಕಣ್ಣು ತೆರೆದಿತ್ತು, ಒಂದು ಕಾಲಿನ ಶೂ ಇರಲಿಲ್ಲ. ಆ ಸ್ವಯಂಸೇವಕ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ: “ಇಳೀರಿ ಅಂದೆ. ಎಲ್ರೂ ಇಳಿದ್ರು. ಇವರು ಮಾತ್ರ ಗೆಳತಿ ಬರ್ತಾಳೆ, ನಾನು ಕಾಣ್ಲಿಲ್ಲಾಂದ್ರೆ ಗಾಬರಿಯಾಗ್ತಾಳೆ, ಇಂಗ್ಲಿಷ್ ಬರಲ್ಲ ಅವಳಿಗೆ ಅಂದ್ರು.”

ಆಂಬುಲೆನ್ಸ್ ಹೋದ ಮೇಲೆ ಕಾರಿಗೆ ಬಂದೆ. ಗಾಳಿಯಿಂದ ಒಳಗಾದ ಮೇಲೆ ಮಗಳ ಕೆಮ್ಮು ಸ್ವಲ್ಪ ಇಳಿದಿತ್ತು. “ಏನಾಯ್ತೇ?” ಎಂದಳು ಅಮ್ಮ. “ಗಾಳಿಗೆ ಚಪ್ಪರ ಬಿತ್ತು. ಜಾನಮ್ಮನಿಗೆ ಪೆಟ್ಟಾಗಿದೆ,” ಎಂದೆ. ಮನೆಗೆ ಬಂದು ಮಗಳಿಗೆ ಪಫರ್ ಕೊಟ್ಟೆ. ಅನ್ನ ಸಾರು ಊಟ ಮಾಡಿದೆ. ನನಗೆ ಮಧ್ಯಾಹ್ನದ ಪಾಳಿ ಇತ್ತು, ಹೋದೆ. ನಾಲ್ಕು ಗಂಟೆಗೆ ರಕ್ತದ ಹೊಂದಾಣಿಕೆಗೆ ಒಂದು ಟ್ಯೂಬ್ ಬಂತು, ಮೇಲೆ ಜಾನಮ್ಮನ ಹೆಸರು. ಗುಂಪು ನೋಡಿ, ಹೊಂದುವ ರಕ್ತದ ಚೀಲಗಳನ್ನು ತೆಗೆದಿಟ್ಟು, ಬರೆಯಬೇಕಾದದ್ದನ್ನು ಬರೆದೆ. ಮುಂದಿನ ಟ್ಯೂಬ್ ಎತ್ತಿಕೊಂಡೆ.

ಅವರು ಉಳಿದರು. ಸೊಂಟದ ಮೂಳೆ, ಬೆನ್ನಿನ ಎರಡು ಮೂಳೆ. ಇನ್ನು ತಾವಾಗಿ ನಡೆಯುವುದು ಅನುಮಾನ ಎಂದರು ಡಾಕ್ಟರು. ಮೆಲ್ಬರ್ನಿನಿಂದ ಜಾನಮ್ಮನ ಮಗಳು ಲಿಂಡಾ ಬಂದಳು. ವಾರ್ಡಿನ ಹೊರಗೆ ಕಾಫಿ ಲೋಟ ಹಿಡಿದು ನಿಂತಿದ್ದಾಗ ಅವಳು ಜೋರು ಮಾಡದೆ ಹೇಳಿದಳು: “ನಿಮ್ಮ ಅಮ್ಮ ವಾಪಸ್ ಬರ್ತೀನಿ ಅಂದ್ರಂತೆ. ನಮ್ಮಮ್ಮ ಕಾದರು. ನಿಮ್ಮಮ್ಮ ಮನೆಗೆ ಹೋಗಿದ್ರು.”

ಅಮ್ಮ ಹಾಗೆ ಹೇಳಲಿಲ್ಲ, ಹೇಳಿದ್ದು ನಾನು ಎನ್ನಬೇಕಿತ್ತು. “ಸಾರಿ,” ಎಂದೆ. ಅದನ್ನು ಅವಳು ಅಮ್ಮನ ಪರವಾಗಿ ಕೇಳಿದ ಕ್ಷಮೆ ಎಂದುಕೊಂಡಳು. ಇರಲಿ ಎಂದು ಬಿಟ್ಟೆ. ಅಮ್ಮ ಹೇಗಿದ್ದರೂ ನವೆಂಬರಿನಲ್ಲಿ ಹೊರಟುಹೋಗುತ್ತಾಳೆ, ಅವಳಿಗೆ ಇದು ತಿಳಿಯುವುದೇ ಇಲ್ಲ, ತಿಳಿಯದಿದ್ದರೆ ನೋವೂ ಇಲ್ಲ ಎಂದು ಲೆಕ್ಕ ಹಾಕಿದೆ. ಸೆಪ್ಟೆಂಬರಿನಲ್ಲಿ ಲಿಂಡಾ ತಾಯಿಯನ್ನು ಬಾಕ್ಸ್ ಹಿಲ್ಲಿಗೆ, ತನ್ನ ಮನೆಯ ಹತ್ತಿರದ ಆರೈಕೆ ಕೇಂದ್ರವೊಂದಕ್ಕೆ ಕರೆದುಕೊಂಡು ಹೋದಳು.

ಅಮ್ಮ ಮಾತ್ರ ದಿನವೂ ಕೇಳುತ್ತಿದ್ದಳು. ಜಾನಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಏನೇನೋ ನೆಪ ಹೇಳಿ ಅವಳನ್ನು ಕರೆದೊಯ್ದಿರಲಿಲ್ಲ. ಜಾನಮ್ಮನನ್ನು ನೋಡದೆ ವಿಮಾನ ಹತ್ತುವುದಿಲ್ಲ ಎಂದಳು. “ನಿನ್ನ ಗಂಡ ಇರೋ ಊರೇ ಅಲ್ವಾ? ಹೋಗೋಕೆ ಏನು ಕಷ್ಟ?” ನೆಪಗಳು ಮುಗಿದವು. ಅಕ್ಟೋಬರಿನ ಶಾಲೆ ರಜೆಯಲ್ಲಿ ಮೂವರೂ ಮೆಲ್ಬರ್ನಿಗೆ ಹೋದೆವು. ಮಗಳನ್ನು ಅವಳ ಅಪ್ಪನ ಹತ್ತಿರ ಬಿಟ್ಟು, ಅವರ ಕಾರು ತೆಗೆದುಕೊಂಡು ನಾನೂ ಅಮ್ಮನೂ ಆ ಕೇಂದ್ರಕ್ಕೆ ಹೋದೆವು.

ಜಾನಮ್ಮ ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿದ್ದರು. ಅರ್ಧದಷ್ಟಾಗಿದ್ದರು. ಅಮ್ಮ ಹೋಗಿ ಅವರ ಕೆನ್ನೆ ಸವರಿದಳು. ಜಾನಮ್ಮ ಸುಮ್ಮನೆ ಸವರಿಸಿಕೊಂಡರು. ಆಮೇಲೆ ಅಮ್ಮನನ್ನೇ ನೋಡುತ್ತ, ಒಂದೊಂದೇ ಪದವಾಗಿ, “ಯಾಕೆ ಬರಲಿಲ್ಲ, ಸ್ಯಾವಿ? ನಿನ್ನ ಜಾಗ ಹಿಡಿದಿಟ್ಟಿದ್ದೆ,” ಎಂದರು.

ಇಬ್ಬರೂ ನನ್ನ ಕಡೆ ತಿರುಗಿದರು.

“ಆರೋಗ್ಯ ಹೇಗಿದೆ ಅಂತ ಕೇಳ್ತಿದಾರೆ,” ಎಂದೆ ಅಮ್ಮನಿಗೆ.

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ಇವರದ್ದೇ ಯೋಚನೆ ನನಗೆ. ಊಟ ಸೇರತ್ತಾ ಕೇಳು,” ಎಂದಳು ಅಮ್ಮ, ಮುಖ ತುಂಬ ನಕ್ಕು.

ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು. “ಅವರಿಗೆ ತುಂಬಾ ಬೇಜಾರಾಗಿದೆ. ಕ್ಷಮಿಸಿ ಅಂತಿದಾರೆ,” ಎಂದೆ.

ಜಾನಮ್ಮ ಅಮ್ಮನ ನಗುವ ಮುಖವನ್ನು ನೋಡಿದರು. ನಂತರ ಕಿಟಕಿಯ ಕಡೆಗೆ ತಿರುಗಿದರು. “ಸರಿ,” ಎಂದರು. ಅಲ್ಲಿಗೆ ಮಾತು ಮುಗಿಯಿತು. ಅಮ್ಮ ತಂದಿದ್ದ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಮಂಚದ ಪಕ್ಕ ಇಟ್ಟು, ಇನ್ನೂ ಹತ್ತು ನಿಮಿಷ ಕೂತು, ಎದ್ದೆವು.

ಕಾರು ಮುಖ್ಯ ರಸ್ತೆಗೆ ಬಂದಾಗ ಅಮ್ಮ ಕೇಳಿದಳು:

“ಯಾಕೆ ಮುಖ ತಿರುಗಿಸಿದ್ರು?”

“ಆಯಾಸ ಇರಬೇಕು.”

“ಆಯಾಸ ನನಗೆ ಗೊತ್ತಾಗತ್ತೆ. ಅವರು ಕೇಳಿದ್ದು ಅಷ್ಟುದ್ದ ಇತ್ತು, ನೀನು ಹೇಳಿದ್ದು ಇಷ್ಟೇ. ಎರಡು ತಿಂಗಳು ಆ ಮೆಟ್ಟಿಲ ಮೇಲೆ ಕೂತಿದೀನಿ ಕಣೇ ಅವರ ಜೊತೆ. ಕಮ್ ಅನ್ನೋದು ಗೊತ್ತು ನನಗೆ. ಏನು ಕೇಳಿದ್ರು?”

ಎಡಕ್ಕೆ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಸ್ಟೀರಿಂಗ್ ನೋಡಿಕೊಂಡೇ ಹೇಳಿದೆ. ಅವಳು ಗ್ಯಾಲರಿಯಲ್ಲಿ ಹೇಳಿದ ಪದ, ನಾನು ಅದನ್ನು ಇಂಗ್ಲಿಷಿಗೆ ತಂದ ರೀತಿ, ಜಾನಮ್ಮ ಕಾದದ್ದು, ಲಿಂಡಾ ಅಂದದ್ದು, ಈಗ ಒಳಗೆ ನಾನು ಎರಡು ಕಡೆಗೂ ಹೇಳಿದ ಸುಳ್ಳು. ವರದಿ ಓದಿದ ಹಾಗೆ ಹೇಳಿದೆ. ಅಳು ಬರಲಿಲ್ಲ. ಅಮ್ಮ ಬೈಯುತ್ತಾಳೆ, ಆಗ ಏನಾದರೂ ಆದೀತು ಎಂದು ಕಾದೆ. ಅಮ್ಮ ಬೈಯಲಿಲ್ಲ.

“ಎರಡು ತಿಂಗಳಿಂದ ಅವರು ನನ್ನನ್ನ ಹಾಗೆ ಅಂದ್ಕೊಂಡಿದಾರಾ?” ಎಂದಳು. ಆಮೇಲೆ, “ಗಾಡಿ ತಿರುಗಿಸು,” ಎಂದಳು.

ತಿರುಗಿಸಿದೆ. ಕೇಂದ್ರದ ಮುಂದೆ ನಿಲ್ಲಿಸಿ ನಾನೂ ಬೆಲ್ಟ್ ಬಿಚ್ಚುತ್ತಿದ್ದಾಗ ಅವಳು ನನ್ನ ಕೈ ಮೇಲೆ ಕೈಯಿಟ್ಟು ತಡೆದಳು.

“ನೀನು ಬರಬೇಡ.”

“ಅಮ್ಮಾ, ಇಂಗ್ಲಿಷಿನಲ್ಲಿ ಹೇಗೆ ಹೇಳ್ತೀಯಾ?”

“ಹೇಗೋ ಹೇಳ್ತೀನಿ. ನೀನು ಬರಬೇಡ.”

ಸೆರಗು ಹೊದ್ದುಕೊಂಡು, ಕಾರಿನ ಬಾಗಿಲನ್ನು ಎರಡು ಸಲ ಹಾಕಿ ಸರಿಯಾಗಿ ಮುಚ್ಚಿ, ಅಮ್ಮ ಗಾಜಿನ ಬಾಗಿಲ ಕಡೆ ನಡೆದಳು. ಒಳಗೆ ಮೇಜಿನ ಹಿಂದಿದ್ದ ಹುಡುಗಿ ಏನೋ ಕೇಳಿದಳು. ಅಮ್ಮ ಏನೋ ಹೇಳಿದಳು. ಹುಡುಗಿ ಎದ್ದು ದಾರಿ ತೋರಿಸಿದಳು. ಆಮೇಲೆ ಗಾಜಿನಲ್ಲಿ ನನ್ನ ಕಾರೇ ಕಾಣುತ್ತಿತ್ತು.

ಕಾರಿನ ಗಡಿಯಾರ ನೋಡುತ್ತ ಕೂತೆ. ಐವತ್ತು ನಿಮಿಷ. ಲಿಂಡಾ ತನ್ನ ಕಾರಿನಲ್ಲಿ ಬಂದು ಒಳಗೆ ಹೋದಳು, ನನ್ನನ್ನು ನೋಡಲಿಲ್ಲ. ಅಮ್ಮನಿಗೆ ಗೊತ್ತಿದ್ದ ಇಂಗ್ಲಿಷ್ ಪದಗಳನ್ನು ಎಣಿಸಲು ನೋಡಿದೆ. ಹದಿನೈದೋ ಇಪ್ಪತ್ತೋ ಬಂದವು. ಅವುಗಳಲ್ಲಿ ಆ ದಿನವನ್ನು ಹೇಗೆ ಹೇಳಬಹುದು ಎಂದು ಜೋಡಿಸಿ ನೋಡಿದೆ. ಆಗಲಿಲ್ಲ.

ಅಮ್ಮ ಹೊರಗೆ ಬಂದಳು. ಕೂತು ಬೆಲ್ಟ್ ಎಳೆದುಕೊಂಡಳು. ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. ಒಳಗೆ ಏನಾಯಿತು, ಯಾರು ಏನಂದರು ಎಂದು ಅವಳು ಹೇಳಲಿಲ್ಲ. ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ನನಗೂ ಕೇಳುವ ಬಾಯಿ ಇರಲಿಲ್ಲ.

“ನಾಳೆ ಹತ್ತು ಗಂಟೆಗೆ ಬಾ ಅಂದಿದಾರೆ,” ಎಂದಳು, ಮುಂದಿನ ರಸ್ತೆ ನೋಡುತ್ತ. “ನೀನು ಬಾಗಿಲವರೆಗೆ ಬಿಟ್ರೆ ಸಾಕು.”

ಮಾರನೆಯ ದಿನ ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲವರೆಗೆ ಬಿಟ್ಟೆ.